ಸ್ವರ್ಗದ ಬಾಗಿಲಲ್ಲಿ ಇಬ್ಬರು ಕುಡುಕರು

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ ಹೋಬಳಿಯಿಂದ ಚಳ್ಳಕೆರೆಯ ಕಡೆಗೆ ಹರಡಿಕೊಂಡ ಬಯಲಿನಲ್ಲಿ, ಹಳ್ಳದ ದಂಡೆ ಅಥವಾ ಕೆರೆಯ ಅಂಚು ಸಿಕ್ಕಿದಲ್ಲೆಲ್ಲ ಈಚಲು ಮರ ಎದ್ದಿರುತ್ತದೆ. ಮಳೆ ಕೈಕೊಟ್ಟ ವರ್ಷವೂ ಅದು ತಡೆದುಕೊಳ್ಳುತ್ತದೆ. ಗರಿ ಚಾಪೆಗೂ ಪೊರಕೆಗೂ ಆಗುತ್ತದೆ, ಹಣ್ಣನ್ನು ಮಕ್ಕಳು ಆರಿಸಿ ತಿನ್ನುತ್ತಾರೆ. ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿದರೆ ರಸ ಇಳಿಯುತ್ತದೆ. ನಸುಕಿನಲ್ಲಿ ಸಿಹಿಯಾಗಿರುವ ಆ ರಸ ಬಿಸಿಲೇರುವ ಹೊತ್ತಿಗೆ ಹುಳಿತು ಹೆಂಡವಾಗುತ್ತದೆ.

ಇದೇ ಸೀಮೆಯ ಮ್ಯಾಸಬೇಡರಿಗೆ ಆ ಮರ ವರ್ಜ್ಯ. ಹೆಂಡ ಕುಡಿಯಬಾರದು, ಕೋಳಿ ತಿನ್ನಬಾರದು, ಹಂದಿ ತಿನ್ನಬಾರದು ಎಂಬುದು ಅವರ ಹಿರಿಯರು ಹಾಕಿಕೊಂಡ ಕಟ್ಟು. ಆ ಕಟ್ಟು ಹೆಂಡದ ಮಡಕೆಗೇ ನಿಲ್ಲದೆ ಮರದವರೆಗೂ ಹೋಗುತ್ತದೆ: ಈಚಲನ್ನು ಮುಟ್ಟಬಾರದು, ಅದರ ಗರಿಯ ಚಾಪೆಯ ಮೇಲೂ ಕೂರಬಾರದು. 1909ರಲ್ಲಿ ಎಡ್ಗರ್ ಥರ್ಸ್ಟನ್ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ವಿವರಣೆಯಲ್ಲಿ ಈ ವರ್ಜನೆಗಳ ಉಲ್ಲೇಖವಿದೆ. ಆಮೇಲೆ ಕೃಷ್ಣಮೂರ್ತಿ ಹನೂರರಂಥ ಜಾನಪದ ವಿದ್ವಾಂಸರು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಟ್ಟಿಗಳಲ್ಲಿ ಓಡಾಡಿ, ಗಾದ್ರಿಪಾಲನಾಯಕನಂಥ ಪಶುಪಾಲಕ ವೀರರ ಕಥನಗಳನ್ನು ದಾಖಲಿಸಿದರು. ಆ ಕಥನಗಳ ಲೋಕದಲ್ಲಿ ದೇವರ ಎತ್ತುಗಳೂ ಅವುಗಳನ್ನು ಕಾಯುವ ಕಿಲಾರಿಗಳೂ ಪೂಜಾರಿಗಳೂ ಒಂದೇ ಬದುಕಿನ ಪಾಲುದಾರರು. ಹೆಂಡ ಬಿಡುವುದೂ ಆ ಬದುಕಿನದೇ ಭಾಗ.

ಇಲ್ಲಿ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಮನುಷ್ಯ ಒಂದು ಬಟ್ಟಲು ಕುಡಿದರೆ ದೇವರಿಗೆ ಆಗುವ ನಷ್ಟವೇನು? ಬಿಟ್ಟರೆ ಬರುವ ಲಾಭವೇನು? ಕುಡಿತ ಆರೋಗ್ಯದ ವಿಷಯವಾಗಬಹುದು, ಸಂಸಾರದ ವಿಷಯವಾಗಬಹುದು, ದುಡ್ಡಿನ ವಿಷಯವಂತೂ ಆಗಿಯೇ ಆಗುತ್ತದೆ. ಅದು ಧರ್ಮದ ವಿಷಯವಾಗುವುದು ಯಾವ ದಾರಿಯಿಂದ? ಉತ್ತರ ಹುಡುಕುವವರು ದೇವಸಮುದ್ರದಿಂದ ಬಹಳ ದೂರದ ಒಂದು ಭಾಷೆಯ ಕಡೆ ನೋಡಿದರೆ ಪ್ರಯೋಜನವಿದೆ. ಆ ಭಾಷೆ ರಷ್ಯನ್. ಅಲ್ಲಿಯ ಜನ ಇದೇ ಪ್ರಶ್ನೆಯನ್ನು ಸಾವಿರ ವರ್ಷ ಎದುರು ತುದಿಯಿಂದ ಎತ್ತಿಕೊಂಡು ಬಂದಿದ್ದಾರೆ.

12ನೆಯ ಶತಮಾನದ ಆರಂಭದಲ್ಲಿ ಕೀವ್ ನಗರದಲ್ಲಿ ಸಿದ್ಧವಾದ ವೃತ್ತಾಂತ ಗ್ರಂಥವೊಂದು 986ನೆಯ ವರ್ಷದ ಕೆಳಗೆ ಒಂದು ಪ್ರಸಂಗ ಹೇಳುತ್ತದೆ. ರಾಜ ವ್ಲಾದಿಮಿರ್ ತನ್ನ ಜನಕ್ಕೆ ಹೊಸ ಧರ್ಮ ಹುಡುಕುತ್ತಿದ್ದಾನೆ. ವೋಲ್ಗಾ ತೀರದ ಬುಲ್ಗಾರರು ಬಂದು ಇಸ್ಲಾಮನ್ನು ವಿವರಿಸುತ್ತಾರೆ. ಹಂದಿ ಮಾಂಸವಿಲ್ಲ, ಮದ್ಯವಿಲ್ಲ ಎಂಬ ಮಾತು ಬಂದ ಕೂಡಲೇ ರಾಜ ತಲೆಯಾಡಿಸುತ್ತಾನೆ. ಕುಡಿತವೇ ನಮ್ಮ ಜನದ ಸಂತೋಷ, ಅದಿಲ್ಲದೆ ನಮಗೆ ಬದುಕಿಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಅವರನ್ನು ಕಳುಹಿಸುತ್ತಾನೆ. 988ರಲ್ಲಿ ಅವನು ಗ್ರೀಕರ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ. ಇತಿಹಾಸಕಾರರು ಈ ಪ್ರಸಂಗವನ್ನು ನಡೆದ ಸಂಗತಿಯ ವರದಿಯೆಂದು ಓದುವುದಿಲ್ಲ. ಮಠದ ಬರಹಗಾರರು ಕಟ್ಟಿದ ಧರ್ಮಕಥೆ ಎಂದೇ ಓದುತ್ತಾರೆ. ಆದರೂ ಒಂದು ಜನಾಂಗ ತನ್ನ ಧರ್ಮದ ಹುಟ್ಟಿನ ಕಥೆಯಲ್ಲೇ ಕುಡಿತಕ್ಕೆ ಜಾಗ ಕೊಟ್ಟಿತು ಎಂಬುದು ಸಣ್ಣ ಮಾತಲ್ಲ. ಹಂದಿ ಮತ್ತು ಹೆಂಡ ಎರಡನ್ನೂ ಬಿಟ್ಟೇ ತಾವು ಯಾರೆಂದು ಹೇಳಿಕೊಳ್ಳುವ ಮ್ಯಾಸಬೇಡರೂ, ಅವೆರಡನ್ನೂ ಬಿಡಲಾರೆವೆಂದು ತಾವು ಯಾರೆಂದು ಹೇಳಿಕೊಂಡ ಕೀವ್‌ನ ಬರಹಗಾರರೂ ಒಂದೇ ಕಡೆ ಗೆರೆ ಎಳೆದಿದ್ದಾರೆ. ನಿಂತದ್ದು ಮಾತ್ರ ಗೆರೆಯ ಎರಡು ಬದಿಗೆ.

ರಷ್ಯನ್ ಭಾಷೆಯಲ್ಲಿ ಬಿಯರಿಗೆ ಪೀವ ಎನ್ನುತ್ತಾರೆ. ಕುಡಿ ಎಂಬ ಧಾತುವಿನಿಂದ ಬಂದ ಪದ; ಕನ್ನಡಕ್ಕೆ ಸಂಸ್ಕೃತದಿಂದ ಬಂದ ಪಾನ, ಪಾನೀಯಗಳೂ ದೂರದ ಅದೇ ಬೇರಿನವು. ಹಳೆಯ ಕಾಲದಲ್ಲಿ ಪೀವ ಎಂದರೆ ಕುಡಿಯುವ ಯಾವುದೇ ವಸ್ತು. ಜವೆಯ ಬಿಯರಿಗೆ ಮಾತ್ರ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಚರ್ಚಿನ ಸ್ಲಾವೊನಿಕ್ ಭಾಷೆ ಮಾತ್ರ ಹಳೆಯ ಅರ್ಥವನ್ನೇ ಉಳಿಸಿಕೊಂಡಿತು. ಹಾಗಾಗಿ ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತ ತನ್ನ ರಕ್ತವೇ ನಿಜವಾದ ಪಾನ ಎನ್ನುವ ಜಾಗದಲ್ಲಿ ಸ್ಲಾವೊನಿಕ್ ಪಾಠದಲ್ಲಿರುವ ಪದ ಪೀವ. ಈಸ್ಟರ್ ರಾತ್ರಿ ಹಾಡುವ, ದಮಸ್ಕಸ್ಸಿನ ಸಂತ ಯೋಹಾನನ ಹೆಸರಿನ ಕಾನನ್ ಎಂಬ ಸ್ತೋತ್ರಮಾಲೆಯಲ್ಲೂ ಭಕ್ತರನ್ನು ಹೊಸ ಪಾನಕ್ಕೆ ಕರೆಯುವಾಗ ಬರುವುದು ಅದೇ ಪದ. ಇಂದಿನ ರಷ್ಯನ್ ಕಿವಿಗೆ ಅದು ಹೊಸ ಬಿಯರಿನ ಕರೆಯಂತೆ ಕೇಳಿಸುತ್ತದೆ. ಆ ಪದದ ಹಳೆಯ ಅರ್ಥವನ್ನು ಪಾದ್ರಿಗಳು ಬಿಡಿಸಿ ಹೇಳಬೇಕಾಗುತ್ತದೆ.

ಇದು ಬರೀ ಉಚ್ಚಾರದ ಕಾಕತಾಳೀಯವಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ರಷ್ಯದ ಉತ್ತರ ಭಾಗದ ಹಳ್ಳಿಗಳಲ್ಲಿ ಸಂತರ ಹಬ್ಬಕ್ಕೆಂದು ಕುದಿಸುವ ಬಿಯರಿನ ಹೆಸರು ಕನೂನ್. ಅದೂ ಗ್ರೀಕಿನ ಕಾನನ್ ಎಂಬ ಪದದಿಂದಲೇ ಬಂದದ್ದು. ಚರ್ಚಿನಲ್ಲಿ ಹಾಡುವ ಸ್ತೋತ್ರಕ್ಕೂ ಹಬ್ಬದ ಪಾತ್ರೆಯ ಬಿಯರಿಗೂ ಒಂದೇ ಹೆಸರು ಸಂದಿತು. ಹಬ್ಬದ ಮುಂಚೆ ಊರಿನವರು ತಮ್ಮ ತಮ್ಮ ಪಾಲಿನ ಧಾನ್ಯ ತಂದು ಒಟ್ಟು ಹಾಕಿ, ಮೊಳಕೆ ಬರಿಸಿ, ಒಣಗಿಸಿ, ಹಾಪ್ಸ್ ಹೂವಿನ ಜೊತೆ ದೊಡ್ಡ ಪಾತ್ರೆಗಳಲ್ಲಿ ಕುದಿಸುತ್ತಿದ್ದರು. ಸೋದರರ ಕೂಟ ಎಂಬರ್ಥದ ಬ್ರಾತ್ಚಿನ ಎಂಬ ಹೆಸರು ಆ ಊಟದ ಕೂಟಕ್ಕೆ. ಸಂತ ನಿಕೊಲಾಯ್‌ನ ಹಬ್ಬ ಇಂಥ ಕೂಟಗಳಿಗೆ ಹೆಸರುವಾಸಿ. ಯಾರ ಜೊತೆ ಹೊಂದಿಕೊಂಡು ಕೆಲಸ ಸಾಗುವುದಿಲ್ಲವೋ ಅಂಥವನ ಜೊತೆ ಬಿಯರು ಕುದಿಸಲಾಗದು ಎಂದು ರಷ್ಯನ್ನರು ಈಗಲೂ ಹೇಳುತ್ತಾರೆ.

ನವ್ಗೊರದ್ ನಗರದ ಕೆಸರು ನೆಲದಲ್ಲಿ 1951ರ ಬೇಸಗೆಯಲ್ಲಿ ಬರ್ಚ್ ಮರದ ತೊಗಟೆಯ ಮೇಲೆ ಗೀರಿದ ಓಲೆಗಳು ಮೊದಲ ಬಾರಿಗೆ ಸಿಕ್ಕವು. ನಮ್ಮ ತಾಳೆಗರಿಯ ಹಾಗೆ ಶಾಯಿಯಿಲ್ಲದೆ ಕಂಟದಿಂದ ಕೊರೆದ ಬರಹ. ಆಮೇಲೆ ಸಾವಿರಕ್ಕೂ ಹೆಚ್ಚು ಓಲೆಗಳು ದೊರೆತಿವೆ. ಮೊದಲ ವರ್ಷವೇ ಸಿಕ್ಕ, 3 ಎಂಬ ಸಂಖ್ಯೆ ಪಡೆದ ಓಲೆಯಲ್ಲಿ ಗ್ರಿಕ್ಷ ಎಂಬವನು ಯೆಸಿಫ್ ಎಂಬವನಿಗೆ ಬರೆಯುತ್ತಾನೆ. ವಿಷಯ, ಪೀವ ಕುದಿಸುವ ಹೊಣೆ ಯಾರದು ಎಂಬುದು. ರಾಜರ ಶಾಸನವಲ್ಲ, ಸಂತರ ಚರಿತ್ರೆಯೂ ಅಲ್ಲ. 14ನೆಯ ಶತಮಾನದ ಸಾಮಾನ್ಯ ಜನರ ಬರವಣಿಗೆಯಲ್ಲಿ ಬಿಯರು ಹೀಗೆ ಒಂದು ಬಾಧ್ಯತೆಯಾಗಿ ಕಾಣಿಸಿಕೊಳ್ಳುತ್ತದೆ. 15ನೆಯ ಶತಮಾನದ ಪ್ಸ್ಕೋವ್ ನಗರದ ನ್ಯಾಯಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ರಾತ್ಚಿನ ಕೂಟಕ್ಕೆ ನ್ಯಾಯಾಧೀಶರಂತೆಯೇ ತೀರ್ಪು ಕೊಡುವ ಅಧಿಕಾರವಿದೆ ಎಂದು ಒಪ್ಪಿಕೊಳ್ಳುತ್ತದೆ. ಒಟ್ಟಿಗೆ ಕುಡಿದವರ ನಡುವಿನ ಜಗಳವನ್ನು ಆ ಕೂಟವೇ ಬಗೆಹರಿಸಬಹುದಿತ್ತು.

ದೇವಸಮುದ್ರದ ಸೀಮೆಗೆ ಮರಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಮ್ಯಾಸಬೇಡರಲ್ಲಿ ಕಟ್ಟೆಮನೆಗಳೆಂಬ ವ್ಯವಸ್ಥೆಯಿದೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಅಂಥ ಹೆಸರಾಂತ ಕಟ್ಟೆಮನೆಗಳಲ್ಲಿ ಒಂದು. ಹಟ್ಟಿಗಳ ಜಗಳ, ಮದುವೆಯ ಸಂಬಂಧ, ದೇವರ ಎತ್ತುಗಳ ಮೇವು, ಜಾತ್ರೆಯ ದಿನ, ಕಟ್ಟು ಮುರಿದವರ ವಿಚಾರಣೆ, ಇವೆಲ್ಲ ಅಲ್ಲಿಯ ಹಿರಿಯರ ಮುಂದೆ ಬರುವ ಸಂಗತಿಗಳು. ಪ್ಸ್ಕೋವ್‌ನವರು ಒಟ್ಟಿಗೆ ಕುಡಿದ ಕಾರಣಕ್ಕೆ ಒಬ್ಬರಿಗೊಬ್ಬರು ಉತ್ತರ ಹೇಳಬೇಕಾಗಿತ್ತು. ಇಲ್ಲಿಯವರು ಒಟ್ಟಿಗೆ ಬಿಟ್ಟ ಕಾರಣಕ್ಕೆ ಉತ್ತರ ಹೇಳಬೇಕು. ದೇವರು ಎರಡು ಕಡೆಯೂ ಸಾಕ್ಷಿಯಾಗಿ ಕೂತಿದ್ದಾನೆ. ಕುಡಿತ ಧರ್ಮದ ವಿಷಯವಾಗುವ ಮೊದಲ ದಾರಿ ಇದೇ. ಮಡಕೆಯಲ್ಲಿರುವ ರಸಕ್ಕಿಂತ, ಅದರ ಸುತ್ತ ಜನ ಕೊಟ್ಟುಕೊಂಡ ಭಾಷೆ ಇಲ್ಲಿ ಮುಖ್ಯ.

ಎರಡನೆಯ ದಾರಿಯೂ ಇದೇ ಸೀಮೆಯ ಮೂಲಕ ಹಾದುಹೋಗಿದೆ.

1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳನ್ನು ಪತ್ತೆ ಮಾಡಿದರು. ಬ್ರಾಹ್ಮಿ ಲಿಪಿಯ ಆ ಶಾಸನ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಅಪ್ಪಣೆ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂದು ಬಂಡೆ ಹೇಳುತ್ತದೆ. ಮದ್ಯದ ಹೆಸರು ಆ ಪಟ್ಟಿಯಲ್ಲಿಲ್ಲ. ಬೌದ್ಧ ಉಪಾಸಕನಾದ ಅರಸನಿಗೆ ಪಂಚಶೀಲದ ಐದನೆಯದು, ಮದ್ಯ ಬಿಡಬೇಕೆಂಬುದು, ತಿಳಿಯದೆ ಇರಲಿಲ್ಲ. ಶಾಸನ ಒತ್ತಿ ಹೇಳುವುದು ಪರಾಕ್ರಮವನ್ನು, ಅಂದರೆ ಎಡೆಬಿಡದ ಪ್ರಯತ್ನವನ್ನು. ಉಪಾಸಕನಾದ ಆರಂಭದಲ್ಲಿ ತಾನು ಸಾಕಷ್ಟು ಪ್ರಯತ್ನ ಮಾಡಲಿಲ್ಲ ಎಂದು ಅರಸನೇ ಒಪ್ಪಿಕೊಂಡು, ಪ್ರಯತ್ನಪಟ್ಟರೆ ದೊಡ್ಡವರಿಗೆ ದಕ್ಕುವುದು ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತಾನೆ.

ಐದನೆಯ ಶೀಲದ ಪಾಳಿ ಮಾತಿನಲ್ಲಿ ಕಾರಣವೂ ಅಡಗಿದೆ. ಸುರೆ, ಮೇರಯ ಮತ್ತು ಮದ್ಯಗಳು ಪ್ರಮಾದಕ್ಕೆ, ಎಂದರೆ ಎಚ್ಚರ ತಪ್ಪುವುದಕ್ಕೆ ನೆಲೆ, ಆದ್ದರಿಂದ ಬಿಡಬೇಕು. ವಿನಯಪಿಟಕ ಹಿಟ್ಟು, ಅನ್ನಗಳಿಂದ ಹುಳಿಸಿದ್ದನ್ನು ಸುರೆ ಎಂದೂ ಹೂವು, ಹಣ್ಣು, ಜೇನುಗಳಿಂದ ಮಾಡಿದ್ದನ್ನು ಮೇರಯ ಎಂದೂ ವಿಂಗಡಿಸುತ್ತದೆ. ಧಾನ್ಯದ ಬಿಯರು ಸುರೆಯ ಗುಂಪಿಗೇ ಸೇರಬೇಕು. ಭಿಕ್ಷುಗಳಿಗೆ ಮದ್ಯ ಕೂಡದೆಂಬ ನಿಯಮ ಹುಟ್ಟಿದ ಕಥೆ ಸಾಗತ ಥೇರನದು. ಭಯಂಕರವಾದ ನಾಗನನ್ನು ಪಳಗಿಸಿದ ಆ ಭಿಕ್ಷುವಿಗೆ ಕೋಸಂಬಿಯ ಭಕ್ತರು ಮನೆಮನೆಯಲ್ಲೂ ಮದ್ಯ ಕೊಟ್ಟರು. ಅವನು ಊರ ಬಾಗಿಲಲ್ಲಿ ಬಿದ್ದ. ಉಳಿದವರು ಹೊತ್ತು ತಂದು ಬುದ್ಧನ ಕಡೆ ತಲೆ ಮಾಡಿ ಮಲಗಿಸಿದರೆ, ಅವನು ಹೊರಳಿ ಗುರುವಿನ ಕಡೆಗೇ ಕಾಲು ಚಾಚಿದ. ಇವನಿಗೆ ಮೊದಲು ನನ್ನಲ್ಲಿ ಗೌರವವಿರಲಿಲ್ಲವೇ, ಈಗ ಇದೆಯೇ ಎಂದು ಬುದ್ಧ ಭಿಕ್ಷುಗಳನ್ನು ಕೇಳಿದ. ನಾಗನನ್ನು ಗೆದ್ದವನು ಈಗ ನೀರಹಾವನ್ನಾದರೂ ಗೆಲ್ಲಬಲ್ಲನೇ ಎಂದೂ ಕೇಳಿದ. ಇಲ್ಲಿ ಮರಕ್ಕೆ ಮೈಲಿಗೆಯಿಲ್ಲ, ಮಡಕೆಗೂ ಇಲ್ಲ. ಪ್ರಶ್ನೆ ಇರುವುದು ಎಚ್ಚರದ ಬಗ್ಗೆ.

ಹೀಗೆ ಒಂದೇ ತಾಲ್ಲೂಕಿನ ನೆಲದಲ್ಲಿ ಎರಡು ಧರ್ಮವಿಚಾರಗಳು ನಿಂತಿವೆ. ಈಚಲು ಮುಟ್ಟದ ಹಟ್ಟಿಯಲ್ಲಿ ಕಟ್ಟು ಇಡೀ ಕುಲದ್ದು, ಮುರಿದರೆ ಎಲ್ಲರಿಗೂ ತಗಲುತ್ತದೆ. ಬಂಡೆಯ ಶಾಸನ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸುತ್ತದೆ. ಎರಡಕ್ಕೂ ಕುಡಿಯದವರ ಬಗ್ಗೆ ಹೇಳುವುದಿದೆ. ಕುಡಿಯುವವನ ಗತಿ ಏನು? ಅವನ ಮಾತು ದೇವರನ್ನು ಮುಟ್ಟುತ್ತದೆಯೇ? ಈ ಪ್ರಶ್ನೆಗೆ ರಷ್ಯನ್ ಭಾಷೆಯೂ ಕನ್ನಡವೂ ಕೊಟ್ಟ ಉತ್ತರಗಳು ಅಕ್ಕಪಕ್ಕದಲ್ಲಿಟ್ಟು ಓದಬೇಕಾದಂಥವು.

17ನೆಯ ಶತಮಾನದ ಹಸ್ತಪ್ರತಿಗಳಲ್ಲಿ ಉಳಿದಿರುವ ಒಂದು ರಷ್ಯನ್ ಕಥೆಯ ನಾಯಕ ಬ್ರಾಝ್ನಿಕ್, ಅಂದರೆ ಕುಡುಕ. ಮನೆಯಲ್ಲಿ ಹುಳಿಸುವ ಬ್ರಾಗ ಎಂಬ ಪಾನದಿಂದ ಬಂದ ಹೆಸರು. ಅವನು ಪ್ರತಿ ಬಟ್ಟಲಿಗೂ ದೇವರನ್ನು ಸ್ತುತಿಸುತ್ತಿದ್ದ. ಸತ್ತ ಮೇಲೆ ಸ್ವರ್ಗದ ಬಾಗಿಲು ತಟ್ಟುತ್ತಾನೆ. ಸಂತ ಪೇತ್ರ ಬಂದು ಕುಡುಕರಿಗೆ ಇಲ್ಲಿ ಜಾಗವಿಲ್ಲ ಎನ್ನುತ್ತಾನೆ. ನೀನು ಮೂರು ಸಲ ಕ್ರಿಸ್ತನನ್ನು ಅರಿಯೆನೆಂದವನಲ್ಲವೇ, ನಾನು ಕುಡುಕನಾದರೂ ಹಾಗೆ ಹೇಳಲಿಲ್ಲ ಎಂದು ಇವನು ಕೇಳುತ್ತಾನೆ. ಪೌಲ ಬಂದರೆ ಸ್ತೆಫನನ ಕೊಲೆಯ ನೆನಪು, ದಾವೀದ ಬಂದರೆ ಊರೀಯನ ನೆನಪು, ಸೊಲೊಮೋನ ಬಂದರೆ ವಿಗ್ರಹಗಳ ನೆನಪು. ಒಬ್ಬೊಬ್ಬರೂ ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಕೊನೆಗೆ ಬಂದವನು ಸುವಾರ್ತೆ ಬರೆದ ಯೋಹಾನ. ಒಬ್ಬರನ್ನೊಬ್ಬರು ಪ್ರೀತಿಸಿ ಎಂದು ಬರೆದವನು ನೀನು. ಈಗ ಒಂದೋ ನನ್ನನ್ನು ಒಳಗೆ ಬಿಡು, ಇಲ್ಲವೇ ಆ ಮಾತನ್ನು ಪುಸ್ತಕದಿಂದ ಅಳಿಸು ಎಂದು ಕುಡುಕ ವಾದಿಸುತ್ತಾನೆ. ಯೋಹಾನ ಬಾಗಿಲು ತೆರೆಯುತ್ತಾನೆ. ಒಳಗೆ ಹೋದ ಕುಡುಕ ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ ಕೂತುಬಿಡುತ್ತಾನೆ. ಸಂತರು ಆಕ್ಷೇಪಿಸಿದಾಗ, ನಿಮಗೆ ಕುಡುಕನ ಜೊತೆಗೇ ಮಾತಾಡಲು ಬಾರದು, ಇನ್ನು ಕುಡಿಯದವನ ಜೊತೆ ಹೇಗೆ ಆಡುತ್ತೀರಿ ಎನ್ನುತ್ತಾನೆ.

ಈ ಕಥೆಯ ಧಾಟಿ ಎರಡು ಶತಮಾನಗಳ ಮೇಲೆ ದಸ್ತಯೇವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಕಾದಂಬರಿಯಲ್ಲಿ ಮತ್ತೆ ಕೇಳಿಸುತ್ತದೆ. 1866ರಲ್ಲಿ ಪ್ರಕಟವಾದ ಆ ಕೃತಿಯ ಆರಂಭದಲ್ಲೇ ಮದ್ಯದಂಗಡಿಯಲ್ಲಿ ಕೂತ ಮರ್ಮೆಲಾದವ್, ತೀರ್ಪಿನ ದಿನ ದೇವರು ಎಲ್ಲರನ್ನೂ ಕರೆದ ಮೇಲೆ ಕುಡುಕರನ್ನೂ ಕರೆಯುತ್ತಾನೆ ಎಂದು ಅಳುತ್ತ ಹೇಳುತ್ತಾನೆ. ತಾವು ಯೋಗ್ಯರೆಂದು ಅವರಲ್ಲಿ ಒಬ್ಬರೂ ಎಣಿಸಲಿಲ್ಲ ಎಂಬುದೇ ದೇವರು ಕೊಡುವ ಕಾರಣ. ಆದರೆ ದಸ್ತಯೇವ್‌ಸ್ಕಿ ಮರ್ಮೆಲಾದವನ ಹಸಿದ ಮಕ್ಕಳನ್ನೂ ಹೆಂಡತಿಯ ಕ್ಷಯರೋಗವನ್ನೂ ಬೀದಿಗಿಳಿದ ಮಗಳನ್ನೂ ಓದುಗರ ಕಣ್ಣಿನಿಂದ ಮರೆಮಾಡುವುದಿಲ್ಲ. ಕುಡುಕನಿಗೆ ಸ್ವರ್ಗ ಸಿಕ್ಕರೂ ಅವನ ಮನೆಯ ಲೆಕ್ಕ ತೀರುವುದಿಲ್ಲ.

ಕನ್ನಡದಲ್ಲಿ ದೇವರ ಎದುರು ನಿಂತ ಕುಡುಕ ರತ್ನ. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ಬರೆದ 'ರತ್ನನ ಪದಗಳು' ಹೆಂಡದಂಗಡಿಯ ಕನ್ನಡವನ್ನು, ಅದರ ಉಚ್ಚಾರ ಸಮೇತ, ಕಾವ್ಯಕ್ಕೆ ತಂದವು. ಒಂದು ಪದದಲ್ಲಿ ದೇವರೇ ಪ್ರತ್ಯಕ್ಷನಾಗಿ ಹೆಂಡ ಬಿಡು ಅನ್ನುತ್ತಾನೆ. ಬಿಡುತ್ತೇನೆ ಎನ್ನುತ್ತಾನೆ ರತ್ನ. ಹೆಂಡತಿಯನ್ನು ಬಿಡು ಎಂದರೂ ಒಪ್ಪುತ್ತಾನೆ. ಕನ್ನಡದ ಪದ ಹಾಡುವುದನ್ನು ಬಿಡು ಎಂದಾಗ ಮಾತ್ರ ದೇವರೊಡನೆಯೇ ಜಗಳಕ್ಕೆ ನಿಲ್ಲುತ್ತಾನೆ. ರಷ್ಯದ ಕುಡುಕ ಸುವಾರ್ತೆಯ ಮಾತನ್ನೇ ಹಿಡಿದು ಒಳಗೆ ಹೋಗುತ್ತಾನೆ, ಕನ್ನಡದ ಕುಡುಕ ತನ್ನ ಆಡುಮಾತನ್ನು ಬಿಡದೆ ಬಾಗಿಲ ಹೊರಗೇ ನಿಲ್ಲಲು ಸಿದ್ಧನಾಗುತ್ತಾನೆ. ಇಬ್ಬರ ಕೈಯಲ್ಲೂ ಬಟ್ಟಲಿದೆ. ಆದರೆ ಇಬ್ಬರೂ ಪಟ್ಟು ಹಿಡಿಯುವುದು ಮಾತಿಗಾಗಿ. ಇದನ್ನು ಬರೆದ ರಾಜರತ್ನಂ ಪಾಳಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು ಎಂಬುದನ್ನು ಮರೆಯಬಾರದು. ಐದನೆಯ ಶೀಲವನ್ನು ಮೂಲದಲ್ಲಿ ಓದಿದ ವಿದ್ವಾಂಸರೇ ರತ್ನನಿಗೆ ದನಿ ಕೊಟ್ಟರು.

ರತ್ನನಿಗಿಂತ ಎಂಟು ನೂರು ವರ್ಷ ಹಿಂದೆ, ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನಿದ್ದ. ಹೆಂಡ ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ಕೆಲವು ವಚನಗಳು ಉಳಿದಿವೆ. ಸುರಾಪಾನವನ್ನು ಮಹಾಪಾತಕಗಳ ಪಟ್ಟಿಗೆ ಸೇರಿಸಿದ ಧರ್ಮಶಾಸ್ತ್ರಗಳ ನಾಡಿನಲ್ಲಿ, ಹೆಂಡ ಮಾರುವವನನ್ನು ಅವನ ಕಸುಬಿನ ಹೆಸರಿನಿಂದಲೇ ಕರೆದು ಶರಣರ ಸಾಲಿನಲ್ಲಿ ಕೂರಿಸಿದ್ದು ದೊಡ್ಡ ಧಾರ್ಮಿಕ ನಿರ್ಧಾರ. ಮಡಕೆಯ, ಅಮಲಿನ ಮಾತುಗಳೇ ಅವನಿಗೆ ಅಂತರಂಗದ ಮಾತುಗಳಾದವು. ಸ್ಲಾವೊನಿಕ್ ಸ್ತೋತ್ರದಲ್ಲಿ ಪೀವ ನಿಂತ ಜಾಗಕ್ಕೆ ಸಮನಾದ ಜಾಗ ಕನ್ನಡದಲ್ಲಿ ಸಿಕ್ಕಿದ್ದು ಹೀಗೆ.

ಕೂಟದ ಕಟ್ಟು, ಒಬ್ಬನ ಎಚ್ಚರ, ಕುಡುಕನ ಮಾತು: ಈ ಮೂರರ ನಡುವೆ ನಾಲ್ಕನೆಯದೊಂದು ಬಂದು ಸೇರಿದಾಗ ಎಲ್ಲವೂ ಬದಲಾಯಿತು. ಅದು ಖಜಾನೆ.

1552ರಲ್ಲಿ ಕಜಾನ್ ಗೆದ್ದ ಇವಾನ್ ದೊರೆಯ ಕಾಲದಿಂದ ರಷ್ಯದಲ್ಲಿ ಕಬಾಕ್ ಎಂಬ ಸರ್ಕಾರಿ ಮದ್ಯದಂಗಡಿಗಳು ಹಬ್ಬಿದವು. ಬ್ರಾತ್ಚಿನದಲ್ಲಿ ಹಬ್ಬದ ದಿನ ಊಟದ ಜೊತೆಗೆ ಎಲ್ಲರೂ ಕುಡಿಯುತ್ತಿದ್ದರು. ಕಬಾಕ್‌ನಲ್ಲಿ ಯಾವ ದಿನ ಬೇಕಾದರೂ ಒಬ್ಬನೇ ಕುಡಿಯಬಹುದಿತ್ತು, ಬಿಯರಿನ ಬದಲು ವೋದ್ಕ. ಜನ ಉಟ್ಟ ಬಟ್ಟೆಯನ್ನೂ ಅಲ್ಲಿ ಕಳೆದುಕೊಳ್ಳುವುದನ್ನು ಇಂಗ್ಲಿಷ್ ರಾಯಭಾರಿ ಜೈಲ್ಸ್ ಫ್ಲೆಚರ್ 1591ರ ತನ್ನ ಪುಸ್ತಕದಲ್ಲಿ ಬರೆದ. 19ನೆಯ ಶತಮಾನದ ಹೊತ್ತಿಗೆ ಚಕ್ರಾಧಿಪತ್ಯದ ವರಮಾನದ ಮೂರನೆಯ ಒಂದು ಭಾಗದಷ್ಟು ಮದ್ಯದಿಂದ ಬರುತ್ತಿತ್ತು. 1858 ಮತ್ತು 1859ರಲ್ಲಿ ಹಳ್ಳಿಹಳ್ಳಿಯ ರೈತರು ಒಟ್ಟುಗೂಡಿ ವೋದ್ಕ ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಅವರನ್ನು ಹತ್ತಿಕ್ಕಿದ್ದು ಸರ್ಕಾರ, ಏಕೆಂದರೆ ಜನರ ವ್ರತದಿಂದ ಗುತ್ತಿಗೆದಾರರಿಗೂ ಖಜಾನೆಗೂ ನಷ್ಟ.

ಅದೇ ನೆಲದಿಂದ ಲಿಯೊ ಟಾಲ್‌ಸ್ಟಾಯ್ ಎದ್ದ. ರೈತನಿಗೆ ಹೆಚ್ಚುವರಿ ಧಾನ್ಯದಿಂದ ಮದ್ಯ ಇಳಿಸಲು ದೆವ್ವ ಕಲಿಸುವ ಕಥೆಯ ನಾಟಕವನ್ನು 1886ರಲ್ಲಿ ಬರೆದ, ಮರುವರ್ಷ ಕುಡಿತದ ವಿರುದ್ಧ ಒಂದು ಸಂಘ ಕಟ್ಟಿದ. ಜನ ತಮ್ಮನ್ನು ತಾವೇ ಮಂಕುಗೊಳಿಸಿಕೊಳ್ಳುವುದು ಏಕೆ ಎಂಬ 1890ರ ಪ್ರಬಂಧದಲ್ಲಿ ಅವನ ಉತ್ತರ ನೇರವಾದದ್ದು: ಅಂತಃಸಾಕ್ಷಿಯ ದನಿ ಕೇಳಿಸಬಾರದೆಂದು. ಪಾಳಿಯ ಪ್ರಮಾದಕ್ಕೆ ಇದು ತೀರ ಹತ್ತಿರ. ಟಾಲ್‌ಸ್ಟಾಯ್‌ನನ್ನು ದಕ್ಷಿಣ ಆಫ್ರಿಕದಲ್ಲಿ ಓದಿದ ಗಾಂಧಿ 1910ರಲ್ಲಿ ಅವನ ಹೆಸರಿನ ಆಶ್ರಮದಲ್ಲಿ ಸತ್ಯಾಗ್ರಹಿಗಳ ಜೊತೆ ಬದುಕಿದರು. ಭಾರತಕ್ಕೆ ಬಂದ ಮೇಲೆ ಪಾನನಿರೋಧ ಅವರ ರಚನಾತ್ಮಕ ಕಾರ್ಯಕ್ರಮದ ಭಾಗವಾಯಿತು. ಹೀಗೆ ರಷ್ಯನ್ ಭಾಷೆಯಲ್ಲಿ ಹುಟ್ಟಿದ ವಿಚಾರವೊಂದು ಸುತ್ತಿ ಬಳಸಿ ಚಿತ್ರದುರ್ಗ ಜಿಲ್ಲೆಯ ಈಚಲು ತೋಪುಗಳವರೆಗೆ ಬಂತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಮೈಸೂರು ಸಂಸ್ಥಾನದ ಅಬಕಾರಿ ಆದಾಯಕ್ಕೆ ಎಸೆದ ನೇರ ಸವಾಲು ಅದು. ಎಸ್. ನಿಜಲಿಂಗಪ್ಪನವರು ಆ ಸತ್ಯಾಗ್ರಹದ ಮುಂದಾಳಾಗಿ ಜೈಲಿಗೆ ಹೋದರು.

ಒಂದೇ ಜಿಲ್ಲೆಯ ಒಂದೇ ಮರ. ಮ್ಯಾಸಬೇಡರಿಗೆ ಅದು ಮುಟ್ಟಬಾರದ ಮರ, ಸತ್ಯಾಗ್ರಹಿಗಳಿಗೆ ಕಡಿಯಬೇಕಾದ ಮರ, ಸಂಸ್ಥಾನಕ್ಕೆ ಕಂದಾಯದ ಮರ, ಕೆತ್ತುವ ಈಡಿಗರಿಗೆ ಅನ್ನದ ಮರ. ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಖಜಾನೆಗೆ ಮಾತ್ರ ಆ ಮರದ ಕೆಳಗೆ ಯಾರು ಯಾರ ಜೊತೆ ಕೂತಿದ್ದಾರೆ ಎಂಬುದು ಬೇಕಾಗಿರಲಿಲ್ಲ. ಸ್ವಾತಂತ್ರ್ಯದ ನಂತರ ಮೈಸೂರು ರಾಜ್ಯದಲ್ಲಿ ಜಾರಿಯಾಗಿದ್ದ ಪಾನನಿರೋಧ 1960ರ ದಶಕದ ಕೊನೆಯ ಹೊತ್ತಿಗೆ ಸಡಿಲವಾಯಿತು; ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಸೀಲು ಹಾಕಿದ ಬಾಟಲಿ ಬಂತು, ಪೊಟ್ಟಣ ಬಂತು, ತಂಪಾದ ಬಿಯರೂ ಬಂತು. ರಷ್ಯದಲ್ಲಂತೂ 2011ರಲ್ಲಿ ಕಾನೂನು ತಿದ್ದಿ, 2013ರಿಂದ ಜಾರಿಗೆ ತರುವವರೆಗೆ ಬಿಯರು ಲೆಕ್ಕಕ್ಕೆ ಮದ್ಯವೇ ಆಗಿರಲಿಲ್ಲ, ಆಹಾರ ಪದಾರ್ಥಗಳ ಸಾಲಿನಲ್ಲಿತ್ತು.

ಕಾನೂನಿನ ವಿಂಗಡಣೆ ಹೀಗೆ ಬದಲಾಗಬಹುದಾದರೆ ವ್ರತದ್ದು? ಈಚಲು ಮುಟ್ಟದ ಹಟ್ಟಿಯ ಹುಡುಗನೊಬ್ಬ ಹೆದ್ದಾರಿಯ ಅಂಗಡಿಯಲ್ಲಿ ಜವೆಯಿಂದ ಮಾಡಿದ ಬಿಯರು ಕುಡಿದರೆ ಹಿರಿಯರ ಕಟ್ಟು ಮುರಿಯಿತೇ? ಕಟ್ಟು ಮರದ ಮೇಲಿನದಾಗಿದ್ದರೆ ಮುರಿಯಲಿಲ್ಲ, ಏಕೆಂದರೆ ಜವೆಗೆ ಈಚಲಿನ ಸಂಬಂಧವಿಲ್ಲ. ಐದನೆಯ ಶೀಲದ ಪ್ರಕಾರ ನೋಡಿದರೆ ಎಚ್ಚರ ತಪ್ಪಿದಷ್ಟೂ ಮುರಿಯಿತು. ಕಟ್ಟೆಮನೆಯ ಕಣ್ಣಿನಿಂದ ನೋಡಿದರೆ ಅದು ಮುರಿದದ್ದು ಇನ್ನೊಂದು ಕಡೆ: ಅವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಜಾಗದಲ್ಲಿ, ಯಾರ ಜೊತೆಗೂ ಕೂರದೆ ಕುಡಿದ. ಈಚಲಿನ ಕಟ್ಟಿನ ಹುರುಳು ಈ ಮೂರನೆಯದರಲ್ಲಿದೆ. ಪ್ಸ್ಕೋವ್‌ನ ಕುಡಿಯುವ ಕೂಟಕ್ಕೂ ಇಲ್ಲಿಯ ಕುಡಿಯದ ಕುಲಕ್ಕೂ ನ್ಯಾಯ ಹೇಳುವ ಅಧಿಕಾರ ಬಂದದ್ದು ಅಲ್ಲಿಂದಲೇ. ಕಬಾಕ್ ಮತ್ತು ಅಬಕಾರಿ ಎರಡೂ ಒಡೆದದ್ದು ಅದನ್ನೇ.

ಹಾಗೆಂದ ಮಾತ್ರಕ್ಕೆ ದಂಡ ಹಾಕಿ ಬಹಿಷ್ಕರಿಸುವುದು ಪರಿಹಾರವಾಗದು. ಸ್ವರ್ಗದ ಬಾಗಿಲಲ್ಲಿ ಸಂತರ ಮೇಲೆ ಬ್ರಾಝ್ನಿಕ್ ಹೊರಿಸಿದ ಆರೋಪ ಇಲ್ಲಿಗೂ ಅನ್ವಯಿಸುತ್ತದೆ: ಅವರಿಗೆ ಕುಡುಕನ ಜೊತೆ ಮಾತಾಡಲು ಬರುತ್ತಿರಲಿಲ್ಲ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡದ್ದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ 1987ರಲ್ಲಿ ಮಾಸ್ಕೊ ತಲುಪಿತು. ಕರ್ನಾಟಕದಲ್ಲೂ ಅದರ ಸಭೆಗಳು ನಡೆಯುತ್ತವೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತಕ್ಕೆ ಸಿಕ್ಕವರು ದಿನಗಟ್ಟಲೆ ಒಟ್ಟಿಗೆ ಇದ್ದು, ಮನೆಯವರ ಎದುರು ಮಾತನಾಡಿ, ದೇವರ ಹೆಸರಿನಲ್ಲಿ ಸಂಕಲ್ಪ ಮಾಡುತ್ತಾರೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಕುಲದ ಕಟ್ಟು, ಒಬ್ಬನ ಎಚ್ಚರ, ಕುಡುಕನ ಮಾತು ಇಲ್ಲಿ ಒಂದೇ ಜಮಖಾನದ ಮೇಲೆ ಸೇರುತ್ತವೆ.

ದೇವಸಮುದ್ರ, ಮೊಳಕಾಲ್ಮುರು, ಚಳ್ಳಕೆರೆಯ ಹಟ್ಟಿಗಳಲ್ಲಿ ಇದಕ್ಕೆ ಹೊಸ ಸಂಸ್ಥೆ ಹುಟ್ಟಬೇಕಾಗಿಲ್ಲ. ಹಿರಿಯರು ಕೂಡುವ ಕಟ್ಟೆ ಇದೆ, ಜಾತ್ರೆಗೆ ಮುಂಚಿನ ಸಭೆ ಇದೆ, ತಲೆಮಾರುಗಳಿಂದ ಬಂದ ಭಾಷೆಯೂ ಇದೆ. ಆ ಸಭೆಯಲ್ಲಿ ಇದುವರೆಗೆ ಹೆಚ್ಚಾಗಿ ಮಾತನಾಡಿರುವವರು ಕುಡಿಯದ ಗಂಡಸರು. ಮುಂದಿನ ಸಭೆಯಲ್ಲಿ ಮೊದಲು ಕುಡಿಯುವವನಿಗೆ ಮಾತನಾಡಲು ಬಿಡಬೇಕು, ಅವನ ನಂತರ ಅವನ ಹೆಂಡತಿಗೆ. ತೀರ್ಪು ಅವರಿಬ್ಬರ ಮಾತು ಮುಗಿದ ಮೇಲೆ ಬರಲಿ.